ಪ್ರತಿಕ್ರಿಯೆ: ಮೋಟರ್‌ಹೋಮ್ ಸ್ಟಿಕ್ಕರ್ ಮಂಕಾಗಿ ಅಂಚು ಏಳುತ್ತಿದ್ದರೆ

ಮೋಟರ್‌ಹೋಮ್ (ಒಳಗೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ಗಾಡಿ) ಮೈಮೇಲಿನ ಸ್ಟಿಕ್ಕರ್ ಪಟ್ಟಿಗಳು ಮಂಕಾಗಿವೆ, ಒಂದೆರಡು ಕಡೆ ಅಂಚು ಎದ್ದಿದೆ, ಪ್ರೆಷರ್ ವಾಷರ್‌ನಲ್ಲಿ ತೊಳೆದು ಪಾಲಿಶ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಎರಡೂ ಬೇಡ.

ಮೊದಲು ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಒಣಗಿದ ಕೆರೆಯ ತಳದ ಹಾಗೆ ಸಣ್ಣ ಬಿರುಕು ತಾಗಿದರೆ ಆ ವಿನೈಲ್ (ಸ್ಟಿಕ್ಕರ್‌ನ ಪ್ಲಾಸ್ಟಿಕ್ ಹಾಳೆ) ಮುಗಿದಂತೆ. ಬಿಸಿಲಿಗೆ ಅದರ ಮೆದುತನ ಹೋಗಿರುತ್ತದೆ, ಯಾವ ದ್ರವವೂ ಅದನ್ನು ವಾಪಸ್ ತರುವುದಿಲ್ಲ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಪ್ಲಾಸ್ಟಿಕ್ ಬ್ಲೇಡಿನಿಂದ ತೆಗೆದು ಹೊಸದು ಹಾಕಿಸಿ.

ಬರೀ ಮಂಕಾಗಿದ್ದರೆ ನೆರಳಿನಲ್ಲಿ, ಗಾಡಿಯ ಮೈ ತಣ್ಣಗಿರುವಾಗ, ಕಾರ್ ಶಾಂಪೂ ಮತ್ತು ಮೈಕ್ರೋಫೈಬರ್ ಬಟ್ಟೆಯಿಂದ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ನೀರು ಆಧಾರಿತ ಯುವಿ ಪ್ರೊಟೆಕ್ಟೆಂಟ್ (ಬಿಸಿಲಿನಿಂದ ಕಾಪಾಡುವ ದ್ರವ) ತೆಳುವಾಗಿ ಹಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ. ಬಿಸಿಲಿನಲ್ಲೇ ನಿಲ್ಲುವ ಗಾಡಿಗೆ 30–45 ದಿನಕ್ಕೊಮ್ಮೆ ಇದು ಬೇಕೇ ಬೇಕು. ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಒರಟು ಪಾಲಿಶ್) ಮಾತ್ರ ಸ್ಟಿಕ್ಕರ್ ಮೇಲೆ ಬೇಡ, ಅದು ಬಣ್ಣವನ್ನೇ ಉಜ್ಜಿ ತೆಗೆಯುತ್ತದೆ. ಸುತ್ತಲಿನ ಗಾಡಿಯ ಮೈಗೆ ಅದನ್ನು ಹಾಕುವಾಗ ಪಟ್ಟಿಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ.

ಎದ್ದ ಅಂಚಿಗೆ: ಒಳಗಿನ ಧೂಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ತೆಗೆದು, ಒಣಗಿಸಿ, ಸ್ವಲ್ಪ ಬೆಚ್ಚಗೆ ಮಾಡಿ ಒತ್ತಿ. ಮೇಲೆ ವಿನೈಲ್ ಎಡ್ಜ್ ಸೀಲರ್ (ಅಂಚನ್ನು ಮುಚ್ಚಿ ಹಿಡಿಯುವ ದ್ರವ) ಎಳೆಯಿರಿ. ಅಂಟು ಹಿಡಿಯದಿದ್ದರೆ ಎದ್ದ ಭಾಗವನ್ನು ದುಂಡಗೆ ಕತ್ತರಿಸಿಬಿಡಿ. ಚೂಪು ಮೂಲೆ ಮತ್ತೆ ಏಳುತ್ತದೆ.

ಮುಂದೆ ಪ್ರೆಷರ್ ವಾಷರ್ ಬಳಸಲೇಬೇಕಾದರೆ ನೀರನ್ನು 40 ಡಿಗ್ರಿ ಕೋನದಲ್ಲಿ ಅಗಲವಾಗಿ ಹರಡುವ ನಾಜಲ್, ಕನಿಷ್ಠ 30 ಸೆಂ.ಮೀ. ದೂರ, ನೀರು ನೇರವಾಗಿ ಬೀಳಲಿ. ಓರೆಯಾಗಿ ಹೊಡೆದರೆ ನೀರು ಅಂಚಿನಡಿ ನುಗ್ಗಿ ಪಟ್ಟಿಯನ್ನೇ ಕೀಳುತ್ತದೆ.