ಸರ್ಕಾರಿ ಇಲಾಖೆಯಲ್ಲಿ ಭಾರಿ ಯಂತ್ರಗಳ ಮೆಕ್ಯಾನಿಕ್ ಆದರೆ ಕೆಲಸ ಮರೆತುಹೋಗುತ್ತದಾ?

ನೀವು ಕೇಳಿರುವುದು ಇಷ್ಟು: ಖಾಸಗಿ ವರ್ಕ್‌ಶಾಪ್‌ನಲ್ಲಿ ಎಕ್ಸ್‌ಕವೇಟರ್, ಲೋಡರ್ ರಿಪೇರಿ ಮಾಡುತ್ತಿದ್ದೀರಿ. ಸರ್ಕಾರಿ ಇಲಾಖೆಯಲ್ಲಿ ಇದೇ ಕೆಲಸ ಸಿಗುವ ಹಾಗಿದೆ. ಆದರೆ ಅಲ್ಲಿ ಹೋದರೆ ಕೈಗೆ ತುಕ್ಕು ಹಿಡಿಯುತ್ತದೆ, ಕಲಿಯಲು ಏನೂ ಇರುವುದಿಲ್ಲ ಎಂದು ಜೊತೆಯವರು ಹೆದರಿಸುತ್ತಿದ್ದಾರೆ. ಸೇರಬಹುದಾ?

ನಾನು ಎರಡೂ ಕಡೆ ಕೆಲಸ ಮಾಡಿದವನು. ಈಗ ಬಹಳ ವರ್ಷಗಳಿಂದ ಸರ್ಕಾರಿ ವರ್ಕ್‌ಶಾಪ್‌ನಲ್ಲೇ ಇದ್ದೇನೆ. ಸೇರಿ ಎಂದೇ ಹೇಳುತ್ತೇನೆ. ಆದರೆ ಕೆಲಸದ ರೀತಿ ಬೇರೆ, ಅದನ್ನು ತಿಳಿದುಕೊಂಡು ಸೇರಿ.

ಖಾಸಗಿಯಲ್ಲಿ ಯಂತ್ರ ಬರುತ್ತದೆ, ಕೆಟ್ಟದ್ದನ್ನು ಸರಿ ಮಾಡುತ್ತೀರಿ, ಹೋಗುತ್ತದೆ. ಆಮೇಲೆ ಅದಕ್ಕೆ ಏನಾಯಿತು ಎಂಬುದು ನಿಮಗೆ ತಿಳಿಯುವುದಿಲ್ಲ. ಇಲ್ಲಿ ಅದೇ ಡೋಜರ್, ಅದೇ ಗ್ರೇಡರ್ ವರ್ಷಗಟ್ಟಲೆ ನಿಮ್ಮ ಕೈಯಲ್ಲೇ ಇರುತ್ತದೆ. ಇವತ್ತು ಹಾಕಿದ ಸೀಲ್ ಎಷ್ಟು ಗಂಟೆ ಬಾಳಿತು, ಯಾಕೆ ಹೋಯಿತು, ಎಲ್ಲವೂ ನಿಮಗೆ ಗೊತ್ತಾಗುತ್ತದೆ. ಯಂತ್ರದ ಇಡೀ ಆಯಸ್ಸನ್ನು ನೋಡುವ ಅವಕಾಶ ಬೇರೆ ಕಡೆ ಸಿಗುವುದು ಕಷ್ಟ. ನನಗೆ ಈ ಕೆಲಸ ಹಿಡಿಸಿದ್ದೇ ಇದರಿಂದ.

ದಿನದ ಕೆಲಸ ನಿಮಗೆ ಹೊಸದೇನಲ್ಲ. ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ನೋಡಿಕೊಂಡು ಸರ್ವಿಸ್. ದಿನಾ ಬೆಳಿಗ್ಗೆ ಆಯಿಲ್, ಕೂಲೆಂಟ್, ಗ್ರೀಸ್, ಹೋಸ್. ಆಮೇಲೆ ಸಾಮಾನ್ಯವಾಗಿ 250, 500, 1000, 2000 ಗಂಟೆಗಳ ಲೆಕ್ಕ. ಯಾವ ಗಂಟೆಗೆ ಏನು ಬದಲಿಸಬೇಕು ಎಂಬುದು ಆಯಾ ಯಂತ್ರದ ಪುಸ್ತಕದಲ್ಲೇ ಇರುತ್ತದೆ. ವ್ಯತ್ಯಾಸ ಒಂದೇ. ಇಲ್ಲಿ ಒಬ್ಬರೇ ಹಲವು ಕಂಪನಿಯ, ಹಲವು ಕಾಲದ ಯಂತ್ರ ನೋಡಬೇಕು. ಪೂರ್ತಿ ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ರೋಲರ್ ಪಕ್ಕದಲ್ಲೇ ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಕಾಮನ್ ರೈಲ್ ಎಂಜಿನ್‌ನ ಹೊಸ ಲೋಡರ್ ನಿಂತಿರುತ್ತದೆ. ಕೈಗೆ ತುಕ್ಕು ಹಿಡಿಯಲು ಸಮಯ ಎಲ್ಲಿದೆ?

ಇಲ್ಲಿನ ದೊಡ್ಡ ಶತ್ರು ಓಡಾಟ ಅಲ್ಲ, ನಿಲ್ಲಿಸಿಡುವುದು. ಇಲಾಖೆಯ ಎಷ್ಟೋ ಯಂತ್ರಗಳು ಪ್ರವಾಹ, ಭೂಕುಸಿತದಂಥ ಹೊತ್ತಿಗೆ ಅಂತಲೇ ಇರುತ್ತವೆ. ಉಳಿದ ದಿನ ಶೆಡ್‌ನಲ್ಲಿ. ನಿಂತ ಯಂತ್ರದ ಡೀಸೆಲ್ ಟ್ಯಾಂಕ್‌ನ ತಳದಲ್ಲಿ ನೀರು ಸೇರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ, ಅದು ಹೋಗಿ ಫಿಲ್ಟರ್ ಮುಚ್ಚುತ್ತದೆ. ಹೊರಗೆ ಚಾಚಿಕೊಂಡಿರುವ ಸಿಲಿಂಡರ್ ರಾಡ್ ಮೇಲೆ ತುಕ್ಕಿನ ಚುಕ್ಕೆ ಬಿದ್ದರೆ, ಮುಂದಿನ ಸಲ ಬೂಮ್ ಎತ್ತಿದಾಗ ಅದೇ ಸೀಲನ್ನು ಕೊಯ್ಯುತ್ತದೆ. ಅದಕ್ಕೇ ನಿಲ್ಲಿಸುವಾಗ ಆದಷ್ಟು ರಾಡ್ ಒಳಗೆ ಇರುವ ಹಾಗೆ ನಿಲ್ಲಿಸಿ, ಹೊರಗೆ ಉಳಿದ ಭಾಗಕ್ಕೆ ಗ್ರೀಸ್ ಸವರಿ.

"ಆಗಾಗ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತೀವಿ" ಎನ್ನುವವರು ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಒಳಗೆ ಕೂತ ತೇವ, ಸುಡದ ಡೀಸೆಲ್ ಎರಡೂ ಆಯಿಲ್‌ನಲ್ಲೇ ಉಳಿಯುತ್ತವೆ. ಸ್ಟಾರ್ಟ್ ಮಾಡಿದರೆ ಕೆಲಸದ ಬಿಸಿ ಬರುವವರೆಗೆ ಓಡಿಸಿ, ಎಲ್ಲ ಹೈಡ್ರಾಲಿಕ್ ಸಿಲಿಂಡರ್‌ಗಳನ್ನೂ ಪೂರ್ತಿ ಆಡಿಸಿ. ಹೊಗೆ ನಳಿಕೆಯಲ್ಲಿ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಇರುವ ಎಂಜಿನ್ ಆದರಂತೂ ಸುಮ್ನೆ ಐಡ್ಲಿಂಗ್‌ನಲ್ಲಿ ಬಿಡುವುದು ಮಸಿ ತುಂಬಿಸಿದ ಹಾಗೆಯೇ.

ಈಗ ಯಾರೂ ಹೇಳದ ವಿಷಯ. ಇಲ್ಲಿ ಸ್ಪ್ಯಾನರ್‌ನಷ್ಟೇ ಪೆನ್ನೂ ಕೆಲಸ ಮಾಡಬೇಕು. ಖಾಸಗಿಯಲ್ಲಿ ಫೋನ್ ಮಾಡಿದರೆ ಸಂಜೆಗೆ ಪಾರ್ಟ್ ಬರುತ್ತದೆ. ಇಲ್ಲಿ ಇಂಡೆಂಟ್ (ಸಾಮಾನಿನ ಬೇಡಿಕೆ ಪತ್ರ), ಮಂಜೂರಾತಿ, ಕೊಟೇಶನ್, ಖರೀದಿ. ಒಂದು ಪಂಪ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಇದು ನಿಜವಾಗಿಯೂ ಹೊಟ್ಟೆ ಉರಿಸುವ ವಿಷಯ. ಮಳೆಗಾಲ ಹತ್ತಿರ ಬಂದಿರುತ್ತದೆ, ಲೋಡರ್ ಬಿಚ್ಚಿ ಬಿದ್ದಿರುತ್ತದೆ, ಫೈಲ್ ಇನ್ನೂ ಯಾವುದೋ ಮೇಜಿನ ಮೇಲಿರುತ್ತದೆ.

ಆದರೆ ಆ ಫೈಲ್ ಬೇಗ ಸಾಗುವುದು ಎಷ್ಟೋ ಸಲ ನಿಮ್ಮ ಬರಹದ ಮೇಲೆ ನಿಂತಿರುತ್ತದೆ. "ಹೈಡ್ರಾಲಿಕ್ ಪಂಪ್ ಹಾಳಾಗಿದೆ, ಹೊಸದು ಬೇಕು" ಎಂದು ಬರೆದರೆ ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತಾರೆ. ಅದು ಸರಿಯೇ, ಜನರ ದುಡ್ಡು ಅಲ್ವಾ. ಅದರ ಬದಲು ಯಂತ್ರದ ಸೀರಿಯಲ್ ನಂಬರ್, ಅವರ್ ಮೀಟರ್ ರೀಡಿಂಗ್, ಪಾರ್ಟ್ ನಂಬರ್ ಬರೆಯಿರಿ. ಪ್ರೆಶರ್ ಎಷ್ಟು ಇರಬೇಕಿತ್ತು, ಎಷ್ಟಿದೆ ಎಂದು ಬರೆಯಿರಿ. ಪಂಪ್‌ನ ಕೇಸ್ ಡ್ರೈನ್ ಪೈಪ್‌ನಿಂದ ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಸೋರಿ ಬರುತ್ತಿದೆ, ಪುಸ್ತಕದ ಮಿತಿ ಎಷ್ಟು ಎಂದು ಬರೆಯಿರಿ. ಒಳಗಿನ ಸವೆತವನ್ನು ಬಿಚ್ಚದೆಯೇ ಹೇಳುವ ಅಳತೆ ಅದು. ಅಂಕಿಗಳಿದ್ದರೆ ಯಂತ್ರ ಗೊತ್ತಿಲ್ಲದ ಅಧಿಕಾರಿಗೂ ಸಹಿ ಹಾಕಲು ಧೈರ್ಯ ಬರುತ್ತದೆ.

ಕಡಿಮೆ ಬೆಲೆ ಹೇಳಿದವರಿಗೇ ಆರ್ಡರ್ ಹೋಗುವ ಕಡೆ ಇದು ಇನ್ನೂ ಮುಖ್ಯ. ಇಂಡೆಂಟ್‌ನಲ್ಲಿ ಬರೀ "ಎಂಜಿನ್ ಆಯಿಲ್ 15ಡಬ್ಲ್ಯೂ-40" ಎಂದಿದ್ದರೆ ಅಗ್ಗದ್ದು ಯಾವುದೋ ಬರುತ್ತದೆ. ಆಯಿಲ್‌ನ ಗುಣಮಟ್ಟ ಹೇಳುವ ಎಪಿಐ ದರ್ಜೆ ಬರೆಯಲೇಬೇಕು. ಡಿಪಿಎಫ್ ಇರುವ ಎಂಜಿನ್‌ಗೆ ಸಿಕೆ-4ರಂಥ ಕಡಿಮೆ ಬೂದಿಯ ಆಯಿಲ್ ಬೇಕು. ಹಳೆಯ ಸಿಐ-4 ಹಾಕಿದರೆ ಬೂದಿ ಆ ಫಿಲ್ಟರ್‌ನಲ್ಲಿ ಕೂರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲು ಆಗುವುದಿಲ್ಲ. ಒಂದು ಸಾಲು ಬರೆಯದೆ ಬಿಟ್ಟದ್ದಕ್ಕೆ ದೊಡ್ಡ ಖರ್ಚು ಬರುತ್ತದೆ.

ಕಾಯಬೇಕು ಎಂದು ಗೊತ್ತಿದ್ದ ಮೇಲೆ ಮುಂಚೆಯೇ ಕೇಳುವುದನ್ನು ಕಲಿಯಬೇಕು. ಡೋಜರ್‌ನ ರಿಪೇರಿ ಖರ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧ ಅಡಿಭಾಗಕ್ಕೇ ಹೋಗುತ್ತದೆ, ಅಂದರೆ ಚೈನು, ರೋಲರ್, ಐಡ್ಲರ್, ಸ್ಪ್ರಾಕೆಟ್. ಚೈನಿನ ಕೊಂಡಿ ಜೋಡಿಸುವ ಪಿನ್, ಅದರ ಸುತ್ತ ಇರುವ ಬುಷ್ (ಕೊಳವೆ), ಇವುಗಳಲ್ಲಿ ಬುಷ್ ಸವೆತ ಮಿತಿ ಮುಟ್ಟುವ ಮೊದಲೇ ಎರಡನ್ನೂ ಅರ್ಧ ಸುತ್ತು ತಿರುಗಿಸಿದರೆ ಅದೇ ಚೈನು ಇನ್ನಷ್ಟು ಕಾಲ ಬರುತ್ತದೆ. ಮಿತಿ ದಾಟಿದರೆ ಆ ಅವಕಾಶ ಹೋಯಿತು. ಹಾಗಾಗಿ ಅಳತೆ ತೆಗೆದು ಲಾಗ್ ಬುಕ್‌ನಲ್ಲಿ ಬರೆದಿಡಿ, ಇನ್ನೂ ಅಂತರ ಇರುವಾಗಲೇ ಫೈಲ್ ಹಾಕಿ. ಲ್ಯಾಬ್‌ಗೆ ಕಳಿಸುವ ಆಯಿಲ್ ಸ್ಯಾಂಪಲ್ ಕೂಡ ಹಾಗೆಯೇ. ವರದಿಯಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಜೊತೆಗೆ ಏರಿದರೆ ಗಾಳಿ ಬರುವ ದಾರಿಯಲ್ಲಿ ಎಲ್ಲೋ ಧೂಳು ನುಗ್ಗುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲೆಂಟ್ ಸೋರಿಕೆಯನ್ನು ಹುಡುಕಿ. ನಮ್ಮ ಕಣ್ಣಿಗೆ ಸುಮಾರು 40 ಮೈಕ್ರಾನ್‌ಗಿಂತ ಸಣ್ಣ ಕಣ ಕಾಣುವುದಿಲ್ಲ. ಪಂಪ್ ತಿನ್ನುವ ಕಣಗಳು ಅದಕ್ಕಿಂತ ಎಷ್ಟೋ ಚಿಕ್ಕವು. ಒಂದೇ ವರದಿಯಿಂದ ಹೆಚ್ಚೇನೂ ಹೇಳಲಾಗದು, ಒಂದೇ ಯಂತ್ರದ ಸಾಲು ವರದಿಗಳು ಬೇಕು. ಅವು ಇರುವುದು ವರ್ಷಗಟ್ಟಲೆ ಯಂತ್ರ ಇಟ್ಟುಕೊಳ್ಳುವ ನಮ್ಮಂಥವರ ಹತ್ತಿರವೇ.

ಸಂಬಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೇತನ ಶ್ರೇಣಿ ಇರುತ್ತದೆ. ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಈ ತಿಂಗಳು ಅಷ್ಟೇ ಬರುತ್ತದೆ. ನುರಿತ ಮೆಕ್ಯಾನಿಕ್‌ಗೆ ಖಾಸಗಿಯಲ್ಲಿ ಹೆಚ್ಚು ಸಿಗಬಹುದು. ಹಣವೇ ಮುಖ್ಯ ಕಾರಣವಾದರೆ ಯೋಚಿಸಿ.

ಸುರಕ್ಷತೆಯ ಬಗ್ಗೆ ಮಾತ್ರ ಹೇಳದೆ ಬಿಡಲಾರೆ. ವಿಪತ್ತಿನ ಹೊತ್ತಿನಲ್ಲಿ ಒತ್ತಡ ಮೇಲಿನಿಂದ ಬರುತ್ತದೆ. ರಸ್ತೆ ಮುಚ್ಚಿದೆ, ಜನ ಸಿಕ್ಕಿಕೊಂಡಿದ್ದಾರೆ, ಯಂತ್ರ ಈಗಲೇ ಹೊರಡಬೇಕು. ಆಗಲೇ ಕೈ ಅವಸರ ಮಾಡುವುದು. ಎಕ್ಸ್‌ಕವೇಟರ್‌ನ ಹೈಡ್ರಾಲಿಕ್ ಪ್ರೆಶರ್ 350 ಬಾರ್ ಆಸುಪಾಸು ಇರುತ್ತದೆ. ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಆ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರಿಕೆಯನ್ನು ಕೈ ಆಡಿಸಿ ಎಂದೂ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಮೊದಲಿಗೆ ಸಣ್ಣ ಚುಚ್ಚಿದ ಗುರುತು ಮಾತ್ರ ಕಾಣುತ್ತದೆ, ನೋವು ಕೂಡ ಕಡಿಮೆ. ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ತಡ ಮಾಡಿದರೆ ಬೆರಳು, ಕೈ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಪ್ರೆಶರ್‌ನಲ್ಲಿ ಆಯಿಲ್ ಒಳಗೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಿ. ಬಕೆಟ್ ನೆಲಕ್ಕೆ ಇಳಿಸದೆ, ಸಿಸ್ಟಮ್‌ನ ಪ್ರೆಶರ್ ಬಿಡದೆ ಯಾವ ಫಿಟಿಂಗ್‌ಗೂ ಸ್ಪ್ಯಾನರ್ ಹಾಕಬೇಡಿ. ಲೋಡರ್, ಗ್ರೇಡರ್‌ನ ನಡು ಮಡಚುವ ಜಾಗಕ್ಕೆ ಇಳಿಯುವ ಮೊದಲು ಲಾಕ್ ಬಾರ್ ಹಾಕಿ. ಚೈನು ಸಡಿಲಿಸುವಾಗ ಒತ್ತಡದ ಗ್ರೀಸ್ ಹೊರಬರುವ ವಾಲ್ವ್‌ನ ಎದುರು ಮುಖ ಇಡಬೇಡಿ. ಯಂತ್ರ ಸರಿ ಇಲ್ಲದಿದ್ದರೆ ಲಾಗ್ ಬುಕ್‌ನಲ್ಲಿ "ಫಿಟ್ ಇಲ್ಲ" ಎಂದು ಕಾರಣದ ಸಮೇತ ಬರೆದು ಸಹಿ ಹಾಕಿ. ಬಾಯಿಮಾತಿನಲ್ಲಿ ಹೇಳಿದ್ದು ಆಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಸೇರುವ ಮೊದಲು ಸಾಧ್ಯವಾದರೆ ಆ ವರ್ಕ್‌ಶಾಪ್‌ಗೆ ಒಮ್ಮೆ ಹೋಗಿ ಬನ್ನಿ. ಸರ್ವಿಸ್ ಮ್ಯಾನುಯಲ್‌ಗಳು ಇವೆಯಾ, ಪ್ರೆಶರ್ ಗೇಜ್ ಕಿಟ್ ಇದೆಯಾ, ಹೊಸ ಯಂತ್ರಗಳಿಗೆ ಡಯಾಗ್ನಾಸ್ಟಿಕ್ ಸಾಫ್ಟ್‌ವೇರ್ ಕೊಂಡಿದ್ದಾರಾ, ಟೂಲ್ಸ್ ಇಲಾಖೆಯದ್ದಾ ನಿಮ್ಮದಾ ಕೇಳಿ. ಹಳೆಯ ಲಾಗ್ ಬುಕ್ ತೋರಿಸಿ ಎನ್ನಿ. ಅದರಲ್ಲಿ ಅಳತೆ, ತಾರೀಕು, ಸಹಿ ಸರಿಯಾಗಿದ್ದರೆ ನಿಮಗೆ ಕಲಿಸುವ ಹಿರಿಯರು ಅಲ್ಲಿದ್ದಾರೆ ಎಂದರ್ಥ. ಹಾಳೆಗಳು ಖಾಲಿ ಇದ್ದರೂ ಬೇಡ ಎನ್ನಬೇಡಿ. ಅಂಥ ಕಡೆ ನಿಮ್ಮಂಥವರು ಒಬ್ಬರು ಬರಲೇಬೇಕು. ಆದರೆ ಮೊದಲ ವರ್ಷ ಎಲ್ಲವನ್ನೂ ನೀವೇ ಶುರು ಮಾಡಬೇಕಾಗುತ್ತದೆ.