ಎತ್ತರದ ರೆಸ್ಟ್ ತೆಗೆಯಬೇಡಿ, ನಾಕಿಂಗ್ ಪಾಯಿಂಟ್ ನೋಡಿ

ತುದಿಗಳು ಮುಂದಕ್ಕೆ ಬಾಗಿದ ಮರದ ರಿಕರ್ವ್ ಬಿಲ್ಲಿಗೆ ಎತ್ತರದ ರೆಸ್ಟ್ (ಬಾಣ ಕೂರುವ ಚಿಕ್ಕ ಆಸರೆ) ಅಂಟಿಸಿದ ಮೇಲೆ ಬಾಣ ಬಾಲ ಕುಣಿಸುತ್ತಾ ಹೋಗುತ್ತಿದೆ, ರೆಸ್ಟ್ ತೆಗೆದುಬಿಡಲಾ ಅಂತ ಕೇಳಿದ್ದೀರಿ. ಬೇಡ. ರೆಸ್ಟ್ ಎಷ್ಟು ಏರಿತೋ ನಾಕಿಂಗ್ ಪಾಯಿಂಟನ್ನೂ (ಹೆದೆಯ ಮೇಲೆ ಬಾಣದ ಬಾಲ ಸಿಕ್ಕಿಸುವ ಜಾಗದ ಗುರುತು) ಅಷ್ಟೇ ಏರಿಸಿದ್ದೀರಾ? ಸುಮಾರು ಜನ ಇದನ್ನೇ ಮರೆಯುತ್ತಾರೆ. ಬೋ ಸ್ಕ್ವೇರ್ (ಹೆದೆಗೆ ಸಿಕ್ಕಿಸುವ T ಆಕಾರದ ಅಳತೆಪಟ್ಟಿ) ಇಟ್ಟು, ರೆಸ್ಟ್‌ನಿಂದ ಹೆದೆಗೆ ಲಂಬವಾಗಿ ಬರುವ ನೇರ ಗೆರೆಗಿಂತ ಸುಮಾರು 10 ಮಿಲಿಮೀಟರ್ ಮೇಲಿಂದ ಶುರು ಮಾಡಿ. ಆಮೇಲೆ ಗರಿ ಇಲ್ಲದ ಒಂದು ಬಾಣ ಬಿಡಿ. ಗರಿ ಇರುವ ಬಾಣಗಳಿಗಿಂತ ಅದು ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟ್ ಜಾಸ್ತಿ ಮೇಲಿದೆ. ಸ್ವಲ್ಪ ಸ್ವಲ್ಪವೇ ಇಳಿಸಿ.

ರೆಸ್ಟ್ ಇಲ್ಲದೆ ಶೆಲ್ಫ್ (ಬಿಲ್ಲಿನ ಹಿಡಿಕೆಯ ಮೇಲಿನ ಕಟ್ಟೆ) ಮೇಲಿಂದಲೇ ಬಾಣ ಬಿಡುವುದು ನನಗೂ ತುಂಬಾ ಇಷ್ಟ. ಆದರೆ ಅಲ್ಲಿ ಹಕ್ಕಿ ಗರಿಯೇ ಬೇಕು. ಅದು ತಾಗಿದರೂ ಮಡಚಿಕೊಳ್ಳುತ್ತದೆ, ಗರಿಯ ಬದಲು ಹಾಕುವ ಪ್ಲಾಸ್ಟಿಕ್ ವೇನ್ ತಾಗಿದರೆ ಬಾಣವನ್ನೇ ಎಗರಿಸುತ್ತದೆ. ನಮ್ಮ ಮೈಸೂರಿನ ಮಳೆಯಲ್ಲಿ ಗರಿ ನೆನೆದು ಮುದುಡುತ್ತದಲ್ವಾ, ಆಗ ರೆಸ್ಟ್ ಜೊತೆ ವೇನ್ ಇದ್ದರೆ ಅಭ್ಯಾಸ ನಿಲ್ಲುವುದಿಲ್ಲ.