ಓದುಗರ ಪ್ರಶ್ನೆ: ಸೊಂಟಕ್ಕೆ ಸ್ಕ್ರೂ ಹಾಕಿಸ್ಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 46 ವರ್ಷ, ಟೈಲರಿಂಗ್ ಕೆಲಸ, ದಿನಾ ಮಷಿನ್ ಮುಂದೆ ಬಗ್ಗಿ ಕೂತಿರ್ತೀನಿ. ಮೂರು ವರ್ಷದಿಂದ ಸೊಂಟ ನೋವು, ಈಗ ನಾಲ್ಕು ತಿಂಗಳಿಂದ ಎಡಗಾಲಿಗೆ ಇಳಿದು ಹೆಬ್ಬೆರಳು ಜೋಮು ಹಿಡಿದಂಗಾಗುತ್ತೆ. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆ ನಡುವಿನ ಮೆತ್ತೆ) ಜಾರಿ ನರ ಒತ್ತಿದೆ ಅಂತಿದೆ. ಒಬ್ರು ಡಾಕ್ಟ್ರು ಡಿಸ್ಕ್ ತುಂಡು ತೆಗೆದ್ರೆ ಸಾಕು ಅಂದ್ರು, ಇನ್ನೊಬ್ರು ಸ್ಕ್ರೂ, ರಾಡ್ ಹಾಕ್ಬೇಕು ಅಂದ್ರು. ಬೆನ್ನು ಕುಯ್ಸಿದ್ರೆ ಕಾಲೇ ಹೋಗುತ್ತೆ ಅಂತ ಅಮ್ಮ ಅಳ್ತಾರೆ. ಏನ್ ಮಾಡ್ಲಿ?
— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಮೊದ್ಲು ಅಮ್ಮನಿಗೆ ಸಮಾಧಾನ ಹೇಳಿ. ಮೆದುಳುಬಳ್ಳಿ ಸೊಂಟದ ಮೇಲ್ಭಾಗದಲ್ಲೇ, ಎಲ್1-ಎಲ್2 ಹತ್ರ ಮುಗಿದೋಗುತ್ತೆ, ಅದರ ಕೆಳಗೆ ಇರೋದು ಕುದುರೆ ಬಾಲದ ಕೂದಲಿನ ಥರ ಇಳಿಬಿದ್ದಿರೋ ನರಗಳು, ನಿಮ್ಮ ಡಿಸ್ಕ್ ಇರೋದು ಅಲ್ಲೇ. ಒಂದು ನರಕ್ಕೆ ಪೆಟ್ಟಾಗೋ ಅಪಾಯ ಇಲ್ಲ ಅಂತಲ್ಲ, ಅಪರೂಪ, ಆದ್ರೆ ಎರಡೂ ಕಾಲು ಬಿದ್ದೋಗೋದು ತೀರಾ ಅಪರೂಪ.

ಈಗ ಮುಖ್ಯ ವಿಷ್ಯ. ಆಪರೇಷನ್ ಬೇಕಾ ಅಂತ ಬರೀ ಎಂಆರ್‌ಐ ನೋಡಿ ಹೇಳೋಕಾಗಲ್ಲ, ಯಾಕಂದ್ರೆ 40 ದಾಟಿದವರಲ್ಲಿ ಒಂಚೂರೂ ನೋವಿಲ್ದೆ ಇರೋರನ್ನ ಸ್ಕ್ಯಾನ್ ಮಾಡಿದ್ರೂ ಸುಮಾರು ಅರ್ಧ ಜನಕ್ಕೆ ಡಿಸ್ಕ್ ಉಬ್ಬಿರೋದು ಕಾಣುತ್ತೆ. ನಾನು ಕೇಳೋದು ಕಾಲು ನೋವು ಜಾಸ್ತಿನಾ, ಸೊಂಟ ನೋವು ಜಾಸ್ತಿನಾ ಅಂತ. ನಿಮ್ಮ ಹೆಬ್ಬೆರಳಿನ ಜೋಮು ಆ ಡಿಸ್ಕ್ ಒತ್ತೋ ನರಕ್ಕೆ ಸರಿಯಾಗಿ ಹೊಂದುತ್ತೆ. ಇಂಥ ಕಾಲು ನೋವು ತುಂಬಾ ಜನಕ್ಕೆ 6ರಿಂದ 12 ವಾರದಲ್ಲಿ ತಾನೇ ಇಳಿಯುತ್ತೆ, ನಿಮಗೆ ನಾಲ್ಕು ತಿಂಗಳಾಯ್ತು, ಹಾಗಾಗಿ ಮೈಕ್ರೋಡಿಸ್ಕೆಕ್ಟಮಿ, ಅಂದ್ರೆ ಮೊದಲ ಡಾಕ್ಟ್ರು ಹೇಳಿದ ಡಿಸ್ಕ್ ತುಂಡು ತೆಗೆಯೋ ಆಪರೇಷನ್, ಯೋಚನೆ ಮಾಡೋದು ತಪ್ಪಲ್ಲ. ಒಂದು ಇಂಚಿನಷ್ಟು ಕುಯ್ದು, ಮೈಕ್ರೋಸ್ಕೋಪಲ್ಲಿ ನೋಡ್ತಾ ನರದ ಮೇಲೆ ಕೂತಿರೋ ತುಂಡು ಮಾತ್ರ ತೆಗೀತಾರೆ, ಮಾರನೇ ದಿನ ಎದ್ದು ಓಡಾಡಬಹುದು. ಕಾಲಿನ ಚಳುಕು ಬೇಗ ಹೋಗುತ್ತೆ, ಜೋಮು ನಿಧಾನ, ಸೊಂಟ ನೋವು ಪೂರ್ತಿ ಹೋಗುತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬ್ಬೇಡಿ. ಉಳಿದ ಡಿಸ್ಕ್ ಅಲ್ಲೇ ಇರೋದ್ರಿಂದ ನೂರಕ್ಕೆ 5-10 ಜನಕ್ಕೆ ಮತ್ತೆ ಜಾರೋದುಂಟು.

ಸ್ಕ್ರೂ ಹಾಕೋದು, ಅಂದ್ರೆ ಫ್ಯೂಷನ್, ಎರಡು ಮೂಳೆನ ಬೆಸೆದು ಒಂದು ಮಾಡೋದು. ಮೂಳೆ ಮುಂದಕ್ಕೆ ಜಾರಿದ್ರೆ, ಬಗ್ಗಿದಾಗ ಅಲುಗಾಡ್ತಿದ್ರೆ ಅದಕ್ಕೆ ಅರ್ಥ ಇದೆ. ಬರೀ ಸವೆದ ಡಿಸ್ಕಿನ ಸೊಂಟ ನೋವಿಗೆ ಇದರ ಲಾಭ ಅಷ್ಟಕ್ಕಷ್ಟೇ, 2003ರಲ್ಲಿ ನಾರ್ವೆಯವರು ಫ್ಯೂಷನ್ ಒಂದು ಕಡೆ, ವ್ಯಾಯಾಮ ಮತ್ತು ತಿಳುವಳಿಕೆ ಇನ್ನೊಂದು ಕಡೆ ಇಟ್ಟು ನೋಡಿದಾಗ ಒಂದು ವರ್ಷದ ಹೊತ್ತಿಗೆ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ. ಅದಕ್ಕೇ ಆ ಎರಡನೇ ಡಾಕ್ಟ್ರನ್ನ ಕೇಳಿ: "ಸರ್, ಮುಂದೆ ಬಗ್ಗಿ ಒಂದು, ಹಿಂದೆ ಬಾಗಿ ಒಂದು ಎಕ್ಸ್‌ರೇ ತೆಗೆದ್ರಲ್ಲಿ ಮೂಳೆ ಜಾರ್ತಿದೆಯಾ?" ಜಾರ್ತಿಲ್ಲ ಅಂದ್ರೆ ಸ್ಕ್ರೂ ಯಾಕೆ ಅಂತ ಬಿಡಿಸಿ ಹೇಳೋದು ಅವರ ಕೆಲಸ. ಬೀಡಿ, ಸಿಗರೇಟು ಇದ್ರೆ ಬೆಸುಗೆ ಸರಿಯಾಗಿ ಕೂರಲ್ಲ, ಶುಗರ್ ಏರಿದ್ರೆ ಗಾಯ ಕೀವಾಗೋ ಭಯ.

ಮನೇಲಿ ಹಿಮ್ಮಡಿ ಮೇಲೆ ನಡೆದು ನೋಡಿ, ಎಡಪಾದ ಕೆಳಗೆ ಬೀಳ್ತಿದ್ರೆ ಅದೇ ವಾರ ತೋರಿಸಿ. ಮೂತ್ರ ಕಟ್ಟಿದ್ರೆ, ಕೂರೋ ಜಾಗ ಮರಗಟ್ಟಿದ್ರೆ ರಾತ್ರಿ ಎರಡು ಗಂಟೆಯಾದ್ರೂ ಸರಿ, ನ್ಯೂರೋ ಅಥವಾ ಸ್ಪೈನ್ ಸರ್ಜನ್ ಇರೋ ಆಸ್ಪತ್ರೆಗೆ ಹೊರಡಿ.